ಕೆಂಪಿಗೆ ಉಡಿ ತುಂಬಿದ್ದು

ನಮ್ಮ ಅಡುಗೆಮನೆಯ ಈಳಿಗೆಯ ಮಣೆ ಎಷ್ಟೋ ಸಲ ಬದಲಾಗಿದೆ, ಅಲಗು ಮಾತ್ರ ಬದಲಾಗಿಲ್ಲ. ಹೊಸ ನಮೂನೆಯ ಚಾಕುಗಳು, ಹಿಡಿಕೆಯ ಮೇಲೆ ಹೂ ಬರೆದಂಥವು, ನಮ್ಮ ಮನೆಗೂ ಬಂದವು. ಬದನೆಕಾಯಿಯ ತೊಟ್ಟಿಗೇ ಸೋತು ಮೂಲೆ ಸೇರಿದವು. ಈ ಅಲಗಿನ ಮುಂದೆ ಬಲಿತ ಕುಂಬಳಕಾಯಿ ಕೂಡ ತಕರಾರು ಮಾಡುವುದಿಲ್ಲ. ಗೊತ್ತಿಲ್ಲದವರು ಉಳ್ಳಾಗಡ್ಡಿ ಹೆಚ್ಚಿಕೊಡುತ್ತೇನೆಂದು ಕೂತರೆ ನಾನು ಮೊದಲೇ ಹೇಳಿಬಿಡುತ್ತೇನೆ, "ಸಾವಕಾಶ ರೀ, ಅದು ರೇಸಿನ ಕಾರಿಂದು." ಮುದುಕಿಗೆ ಅರಳುಮರಳು ಎಂದುಕೊಂಡು ಅವರು ನಗುತ್ತಾರೆ. ನಕ್ಕವರ ಬೆರಳಿಗೆ ಅರಿಶಿನ ಹಚ್ಚುವ ಕೆಲಸವೂ ಕೊನೆಗೆ ನನಗೇ ಬರುತ್ತದೆ.

ನಾನು ಹೇಳುವುದು ಖರೆ. ಈ ಅಲಗು ಮೊದಲು ಪಾಟಾ ಆಗಿತ್ತು. ಗಾಡಿಯ ಅಚ್ಚಿಗೂ ಮೈಗೂ ನಡುವೆ, ಒಂದರ ಮೇಲೊಂದು ಜೋಡಿಸಿ ಬಿಗಿದ, ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಅವಕ್ಕೆ ನಮ್ಮ ಕಡೆ ಪಾಟಾ ಎನ್ನುತ್ತಾರೆ. ಗಾಲಿ ತಗ್ಗಿಗೆ ಬಿದ್ದಾಗ ಕೂತವರ ನಡ ಮುರಿಯದ ಹಾಗೆ ಕಾಯುವುದು ಅದೇ. ನಾನು ಅದರ ಮೇಲೆ ಗೋರಿಕಾಯಿ ಹೆಚ್ಚುತ್ತ ಎಷ್ಟೋ ಸಲ ಕೈ ನಿಲ್ಲಿಸಿ ನೋಡುತ್ತ ಕೂತಿದ್ದೇನೆ. ಅಂಥ ದಿನ ನಮ್ಮ ಮನೆಯಲ್ಲಿ ಊಟ ತಡ.

ನಮ್ಮವರು ದನದ ಡಾಕ್ಟರು. ಸ್ವಾತಂತ್ರ್ಯ ಬಂದು ಕೆಲವೇ ವರ್ಷಗಳಾಗಿದ್ದವು. ಊರಿಗೊಬ್ಬ ಡಾಕ್ಟರನ್ನು ಕೊಡುವಷ್ಟು ಡಾಕ್ಟರರು ಸರಕಾರದ ಹತ್ತಿರ ಇರಲಿಲ್ಲ. ಹೀಗಾಗಿ ಹುಕ್ಕೇರಿಯ ದವಾಖಾನೆ, ಮುದಲಗಿಯ ದವಾಖಾನೆ ಎರಡೂ ಇವರ ಕೊರಳಿಗೇ ಬಿದ್ದಿದ್ದವು. ಮನೆ ನಡುವೆ ಗೋಕಾಕದಲ್ಲಿ. ಒಂದು ದಿನ ಪಡುವಣಕ್ಕೆ, ಒಂದು ದಿನ ಮೂಡಣಕ್ಕೆ. ಬಸ್ಸು ತನಗೆ ಮನಸ್ಸು ಬಂದಾಗ ಬರುತ್ತಿತ್ತು, ಎತ್ತಿನ ಹೊಟ್ಟೆಯುಬ್ಬರ ಬಸ್ಸಿಗಾಗಿ ಕಾಯುತ್ತಿರಲಿಲ್ಲ. ಅದಕ್ಕೆ ಇವರು ಒಂದು ಕಾರು ಕೊಂಡರು. ಕೊಂಡರಲ್ಲ, ಪ್ರೀತಿಯಲ್ಲಿ ಬಿದ್ದರು ಎನ್ನಬೇಕು.

ಜಹಗೀರುದಾರರೊಬ್ಬರ ಮಗ ಶೋಕಿಗಾಗಿ ವಿಲಾಯತಿಯಿಂದ ತರಿಸಿ, ನಾಲ್ಕು ದಿನ ಓಡಿಸಿ, ಬೇಸರ ಬಂದು ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದ ರೇಸಿನ ಕಾರು ಅದು. ಉದ್ದ ಮೂತಿ, ಇಬ್ಬರೇ ಕೂಡುವ ಜಾಗ, ಹಿಂದೆ ಒಂದಿಷ್ಟು ಸಾಮಾನಿನ ಖೋಲಿ. ಮೇಲೆ ಚಾವಣಿಯಿಲ್ಲ. ಇದ್ದ ಬಟ್ಟೆಯ ಮುಚ್ಚಿಗೆಯನ್ನು ಜಹಗೀರುದಾರರ ಕೊಟ್ಟಿಗೆಯ ಇಲಿಗಳು ತಿಂದು ಮುಗಿಸಿದ್ದವು. ಬಣ್ಣ ಕೆಂಪು. ದನದ ಡಾಕ್ಟರ ಕಾರಿಗೆ ಜನ ಬೇರೆ ಏನು ಹೆಸರಿಡುತ್ತಾರೆ? ಕೆಂಪಿ ಎಂದರು.

ಅದು ಮನೆಯ ಮುಂದೆ ಬಂದು ನಿಂತ ದಿನ ನಮ್ಮತ್ತೆ ಆರತಿ ತಂದು, ಅದರ ಎರಡೂ ದೀಪಗಳಿಗೆ ವಿಭೂತಿ ಹಚ್ಚಿ, ಒಂದು ಸುತ್ತು ಹಾಕಿ ನೋಡಿ, "ಎಲ್ಲಾ ಚಲೋ ಐತಿ. ಖರೆ, ತಲಿ ಮ್ಯಾಲ ಸೆರಗ ಇಲ್ಲಲ್ಲೋ ಇದಕ್ಕ!" ಎಂದರು. ಸೆರಗಿನ ಮಾತು ನನಗೇ ಉಲ್ಟಾ ಹೊಡೆಯಿತು. ಮೊದಲ ಸಲ ಹುಕ್ಕೇರಿಗೆ ಇವರ ಬಾಜೂ ಕೂತು ಹೊರಟೆ. ಇಳಕಲ್ ಸೀರೆ ಉಟ್ಟು, ಹೆರಳಿಗೆ ಹೂ ಮುಡಿದು, ಗಾಂಭೀರ್ಯದಿಂದ ಕೂತಿದ್ದೆ. ಗೋಕಾಕ ದಾಟುವಷ್ಟರಲ್ಲಿ ಹೂವು ಹೋಯಿತು. ಇನ್ನಷ್ಟು ದೂರಕ್ಕೆ ಸೆರಗು ಹಾರಿ ಜಾಲಿಗಿಡಕ್ಕೆ ಸಿಕ್ಕಿಕೊಂಡಿತು. ಕಾರು ಮುಂದೆ, ಸೆರಗು ಹಿಂದೆ, ನಡುವೆ ನಾನು. ಹುಕ್ಕೇರಿಯ ಸಂತೆಗೆ ಹೊರಟಿದ್ದ ಹೆಣ್ಣುಮಕ್ಕಳು ಬುಟ್ಟಿ ಇಳಿಸಿ ನಕ್ಕರು. ಆದರೂ ಹೇಳುತ್ತೇನೆ, ಅಂಥ ಬೆರಗು ನನಗೆ ಅದುವರೆಗೆ ಆಗಿರಲಿಲ್ಲ. ನೆಲ ನಮ್ಮ ಕೈಗೆ ಸಿಗುವಷ್ಟು ಹತ್ತಿರ ಓಡುತ್ತಿತ್ತು, ಆಕಾಶ ಪೂರ್ತಿ ನಮ್ಮದಾಗಿತ್ತು.

ಹಾಗೆ ಓಡಾಡಿಕೊಂಡಿದ್ದ ಕೆಂಪಿಯ ಪಾಟಾ ಒಂದು ದಿನ ನಾಗನೂರಿನ ಹತ್ತಿರ ಹಳ್ಳ ದಾಟುವಾಗ ಮುರಿಯಿತು. ಹಿಂದಿನ ವಾರವಷ್ಟೇ ಇವರು ಕಾಲುಬಾಯಿ ಬೇನೆಗೆ ಔಷಧ ಹಾಕಿದ್ದ ಎತ್ತುಗಳೇ ಅದನ್ನು ಗೋಕಾಕದವರೆಗೆ ಎಳೆದು ತಂದವು. ಗ್ಯಾರೇಜಿನ ಇಮಾಮಸಾಬ ಮಿಸ್ತ್ರಿ ಕೆಳಗೆ ತೂರಿ ನೋಡಿ ಹೊರಗೆ ಬಂದು ಇವರನ್ನು ಕೇಳಿದ, "ಸಾಹೇಬ್ರ, ಇದರ ಪಾಟಾ ಇಲ್ಲೆಲ್ಲೂ ಸಿಗಂಗಿಲ್ಲ. ಬ್ಯಾರೆ ಗಾಡೀದು ಕೊಯ್ದು ಕೂಡಿಸಬೇಕು. ಮೆತ್ತಗ ಹಾಕ್ಲೋ, ಬಿರುಸು ಹಾಕ್ಲೋ?"

ಈ ಒಂದು ಪ್ರಶ್ನೆ ನಮ್ಮ ಮನೆಯಲ್ಲಿ ಒಂದು ಬೇಸಿಗೆಯನ್ನೇ ತಿಂದಿತು. ಊಟಕ್ಕೆ ಕೂತರೆ ಪಾಟಾ, ಎದ್ದರೆ ಪಾಟಾ. ಮೆತ್ತಗಿದ್ದರೆ ತೂಗುಮಣೆಯ ಸುಖ. ಆದರೆ ಕೆಂಪಿಯ ಹೊಟ್ಟೆ ನೆಲಕ್ಕೆ ಹತ್ತಿರ, ಎರೆಹೊಲದ ಬಂಡಿಜಾಡಿನಲ್ಲಿ ಇಳಿದರೆ ಕಲ್ಲು ಬಡಿಯುತ್ತದೆ, ತಿರುವಿನಲ್ಲಿ ಒಂದು ಮಗ್ಗುಲಿಗೆ ವಾಲುತ್ತದೆ. ಬಿರುಸಾಗಿದ್ದರೆ ಹೊಟ್ಟೆ ಬಡಿಯುವುದಿಲ್ಲ, ತಿರುವಿನಲ್ಲಿ ನೆಟ್ಟಗೆ ನಿಲ್ಲುತ್ತದೆ. ಆದರೆ ಕೂತವರು ಮೇಲಕ್ಕೆ ಹಾರುತ್ತಾರೆ. ಇವರು ಕೊಟ್ಟಿಗೆಯ ಮುಂದೆ ಕೂತು ದನಗಳು ನಡೆಯುವುದನ್ನು ನೋಡುವರು. ನನ್ನನ್ನೂ ಕರೆದು ತೋರಿಸುವರು. "ನೋಡು ಗಂಗಾ, ಆಕಳ ಹಿಂಗಾಲಿನ ಮಡಿಕಿ ನೋಡು. ಅದ ಅದರ ಪಾಟಾ. ಕರುವಿಗೂ ಅದ ಕಾಲು, ಕುಣಿತೈತಿ. ಗಬ್ಬದ ಆಕಳಿಗೂ ಅದ ಕಾಲು, ಎಷ್ಟ ಸಾವಕಾಶ ನಡೀತೈತಿ ನೋಡು." ನಾನು ನೋಡಿದೆ. ಗಬ್ಬದ ಆಕಳನ್ನು ನೋಡುವ ಮನಸ್ಸು ಆಗ ನನಗೆ ಅಷ್ಟಾಗಿ ಇರಲಿಲ್ಲ. ಏಕೆಂದು ಮುಂದೆ ಹೇಳುತ್ತೇನೆ.

ಒಂದು ಸಂಜೆ ಇವರು ಮಿಸ್ತ್ರಿಯ ಹತ್ತಿರದಿಂದ ಒಂದೇ ಒಂದು ಪಟ್ಟಿಯನ್ನು ಮನೆಗೆ ತಂದರು. ಅದರ ಒಂದು ತುದಿಯನ್ನು ಕಟ್ಟೆಯ ಸಂದಿಗೆ ಸಿಕ್ಕಿಸಿ, ಇನ್ನೊಂದರ ಮೇಲೆ ತಮ್ಮ ಮೈಭಾರವನ್ನೆಲ್ಲ ಹಾಕಿ ಬಗ್ಗಿಸಿದರು. ಉಕ್ಕು ಬಾಗಿತು. ಕೈ ಬಿಟ್ಟರು. ಅದು ಮೊದಲಿದ್ದಲ್ಲಿಗೇ ಬಂದು ನಿಂತಿತು, ಏನೂ ಆಗಿಯೇ ಇಲ್ಲ ಎಂಬಂತೆ. "ಮತ್ತ ಮಾಡ್ರಿ" ಎಂದೆ. ಮತ್ತೆ ಬಾಗಿತು, ಮತ್ತೆ ಬಂತು. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಮಣ್ಣಿನಿಂದ ತೆಗೆದ ಒಂದು ವಸ್ತುವಿಗೆ ಇಷ್ಟೊಂದು ಭಾರ ಹೊತ್ತು, ಬಾಗಿ, ತನ್ನ ಆಕಾರವನ್ನು ಮರೆಯದೆ ಇರುವುದನ್ನು ಯಾರು ಕಲಿಸಿದರು? ಅತ್ತೆ ಹಿಂದಿನಿಂದ, "ಒಲಿ ಮ್ಯಾಲ ಹಾಲು ಉಕ್ಕಾಕತ್ತೈತಿ, ಇಲ್ಲಿ ಕಬ್ಬಿಣಾ ನೋಡಕೋತ ನಿಂತಾಳ" ಎಂದರು.

ಪರೀಕ್ಷೆಗಳೂ ಆದವು. ಪರೀಕ್ಷೆಯ ಸಾಮಾನು ನಾನು ಮತ್ತು ಒಂದು ತಂಬಿಗೆ ಮಜ್ಜಿಗೆ. ಮಿಸ್ತ್ರಿ ಒಂದು ನಮೂನೆ ಪಾಟಾ ಕೂಡಿಸುವನು. ನಾನು ತುಂಬಿದ ತಂಬಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂಡುವೆ. ಇವರು ಘಟಪ್ರಭಾ ಸ್ಟೇಷನ್ನಿನವರೆಗೆ ಓಡಿಸಿ ತಿರುಗಿ ತರುವರು. ತಂಬಿಗೆಯಲ್ಲಿ ಉಳಿದದ್ದೆಷ್ಟು, ನನ್ನ ಸೀರೆಯ ಮೇಲೆ ಬಂದದ್ದೆಷ್ಟು ಎಂದು ಬಗ್ಗಿ ನೋಡುವರು. ಸ್ಟೇಷನ್ನಿನ ಎದುರಿನ ಚಹಾದಂಗಡಿಯವರು ನಮ್ಮನ್ನು ಮಜ್ಜಿಗೆ ಮಾರುವವರು ಎಂದುಕೊಂಡಿದ್ದರಂತೆ. "ಮಜ್ಜಿಗಿ ಚೆಲ್ಲಾಕ ಕಾರ್ ಯಾಕ ಬೇಕೋ? ನನ್ನ ಕೈಯಾಗ ಕೊಡು, ಇಲ್ಲೇ ಚೆಲ್ಲತೇನಿ" ಎಂದು ಅತ್ತೆ ಮಗನನ್ನು ಬೈದರು.

ಕೊನೆಗೆ ಇವರು ಬಿರುಸನ್ನೇ ಆರಿಸಿದರು. ಅದಕ್ಕೆ ಕಾರಣವೂ ಇತ್ತು. "ದಿನಾ ಓಡೋ ಗಾಡಿ ಇದು. ನಡುದಾರ್ಯಾಗ ಹೊಟ್ಟಿ ಹರಕೊಂಡು ನಿಂತರ, ಅಲ್ಲಿ ಒಂದು ಎತ್ತು ಸಾಯತೈತಿ. ನನ್ನ ನಡಾ ನೊಂದರ ನೋಯ್ಲಿ" ಎಂದರು. ಮಿಸ್ತ್ರಿ ಯಾವುದೋ ಹಳೆ ಲಾರಿಯ ಪಟ್ಟಿಗಳನ್ನು ಕೊಯ್ದು ಕೂಡಿಸಿದ. ಕೆಂಪಿಯ ಹಿಂಭಾಗ ಒಂದು ಗೇಣು ಎತ್ತರವಾಯಿತು. ಅಲ್ಲಿಂದ ಕೆಂಪಿ ಕುಣಿಯಲು ಶುರುಮಾಡಿತು. ಔಷಧದ ಬಾಟಲಿಗಳನ್ನು ಜೋಳದ ಒಣ ಕಣಕಿಯಲ್ಲಿ ಸುತ್ತಿ ಒಯ್ಯಬೇಕಾಯಿತು. ಮನೆಗೆ ಬಂದಮೇಲೂ ಇವರ ಮಾತು ಅರ್ಧ ತಾಸು ನಡುಗುತ್ತಿತ್ತು. ಆದರೆ ಒಂದು ವಿಚಿತ್ರ. ಕೆಲವು ದಿನ ರೈತರು ಪ್ರೀತಿಯಿಂದ ಒಂದು ಚೀಲ ಜೋಳವನ್ನೋ ಶೇಂಗಾವನ್ನೋ ಹಿಂದೆ ಹೇರಿ ಕಳಿಸುತ್ತಿದ್ದರು. ಅಂಥ ದಿನ ಇವರು ನಗುತ್ತ ಇಳಿದು, "ಇವತ್ತ ಕೆಂಪಿ ಕುಣೀಲಾರದ ಶ್ಯಾಣ್ಯಾಕ್ಯಾಗಿ ಬಂದಳು" ಎನ್ನುವರು. ಯಾಕೆ ಎಂದು ಇವರೂ ಕೇಳಿಕೊಳ್ಳಲಿಲ್ಲ, ನಾನೂ ಕೇಳಲಿಲ್ಲ. ಜೋಳ ಇಳಿಸಿಕೊಂಡು ಒಳಗೆ ಹೋದೆ.

ಈಗ ಆ ಇನ್ನೊಂದು ಮಾತು. ಆ ವರ್ಷಗಳಲ್ಲಿ ನನಗೆ ಎರಡು ಸಲ ದಿನ ನಿಂತು, ಎರಡು ಸಲವೂ ಹೋಯಿತು. ಮೊದಲ ಸಲ ತವರಿನವರು ಸಡಗರದಿಂದ ಸಾಗವಾನಿಯ ತೊಟ್ಟಿಲನ್ನು ಮುಂಚೆಯೇ ಕಳಿಸಿಬಿಟ್ಟಿದ್ದರು. ಅತ್ತೆ ಅದನ್ನು ಸದ್ದಿಲ್ಲದೆ ಅಟ್ಟಕ್ಕೆ ಏರಿಸಿ ಮೇಲೊಂದು ಗೋಣಿ ಹೊದಿಸಿದರು. ನಾನು ಅಟ್ಟದ ಕೆಳಗೆ ಹಾಯುವಾಗ ತಲೆ ಎತ್ತುತ್ತಿರಲಿಲ್ಲ. ಕೆಂಪಿಯ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ, ಆ ಎರಡೂ ಸಲ ನಾನು ಅದರಲ್ಲಿ ಕೂತೂ ಇರಲಿಲ್ಲ. ಆದರೂ ಮೂರನೆಯ ಸಲ ದಿನ ನಿಂತಾಗ ಅತ್ತೆ ಹೊಸ್ತಿಲಲ್ಲಿ ನಿಂತು, "ಇನ್ನ ಆಕಿ ಆ ಕುಣಿಯೋ ಗಾಡ್ಯಾಗ ಕಾಲ ಇಡಂಗಿಲ್ಲ" ಎಂದರು. ಇವರು ತಲೆಯಾಡಿಸಿ ಒಪ್ಪಿದರು. ಕುಬಸ, ಅಂದರೆ ಸೀಮಂತ, ಮಾಡಿಸಿಕೊಂಡು ಹೆರಿಗೆಗೆ ತವರಿಗೆ, ಮುದಲಗಿಗೆ ಹೋಗುವಾಗ ಚಕ್ಕಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹಾಸಿ, ನನ್ನನ್ನು ಮೊಸರಿನ ಗಡಿಗೆಯ ಹಾಗೆ ಒಯ್ದರು. ಇಡೀ ದಿನ ಹಿಡಿಯಿತು.

ನಮ್ಮಪ್ಪನದು ಮುದಲಗಿಯಲ್ಲಿ ಬೆಲ್ಲದ ಅಡತಿ ವ್ಯಾಪಾರ. ಪಡಸಾಲೆಯ ತುಂಬ ಬೆಲ್ಲದ ಪೆಂಟಿಗಳು, ಅವುಗಳ ಸುತ್ತ ಇರುವೆ, ಇರುವೆಯ ಸುತ್ತ ನಮ್ಮವ್ವನ ಬೈಗುಳ. ಎಂಟು ತಿಂಗಳು ತುಂಬಿತ್ತು. ಒಂದು ಮಧ್ಯಾಹ್ನ ರೊಟ್ಟಿ ತಿಂದು ಎದ್ದವಳಿಗೆ ಕಾಲಿನ ಗುಂಟ ಬಿಸಿ ಇಳಿಯಿತು. ನೋಡಿದರೆ ರಕ್ತ. ಮೂರನೆಯದೂ ಹೋಯಿತು ಎಂದು ಮನಸ್ಸಿನಲ್ಲೇ ಅಂದುಕೊಂಡು ಗೋಡೆ ಹಿಡಿದು ನಿಂತೆ. ಪಕ್ಕದ ಓಣಿಯ ನರ್ಸಬಾಯಿ ಓಡಿ ಬಂದು, ಹೊಟ್ಟೆಗೆ ಕಿವಿ ಹಚ್ಚಿ, ಬಹಳ ಹೊತ್ತು ಹಾಗೇ ಇದ್ದು ಎದ್ದರು. "ಕೂಸು ಜೀವದಿಂದ ಐತಿ. ಖರೆ, ಇದು ನನ್ನ ಕೈಯಾಗಿನ ಕೆಲಸಲ್ಲ. ಘಟಪ್ರಭಾದ ದವಾಖಾನಿಗೆ ಒಯ್ಯಿರಿ. ಚಕ್ಕಡ್ಯಾಗ ಬ್ಯಾಡ, ಸಂಜೀ ಆಗತೈತಿ. ಲಗೂ ಹೋಗಬೇಕು, ಮತ್ತ ಮೈ ಅಲಗಬಾರದು" ಎಂದರು.

ಬಸ್ಸು ಆಗಲೇ ಹೋಗಿತ್ತು. ಅವತ್ತು ಇವರ ಮುದಲಗಿಯ ಸರದಿ. ಸುದ್ದಿ ಮುಟ್ಟಿ, ದವಾಖಾನೆಯಿಂದ ಕೆಂಪಿಯನ್ನು ಓಡಿಸಿಕೊಂಡು ಬಂದರು. ಮನೆಯ ಮುಂದಿನ ಗಟಾರದ ಕಲ್ಲು ದಾಟುವಾಗ ಅದು ಧಡಕ್ಕನೆ ನೆಗೆದದ್ದು ಪಡಸಾಲೆಯಲ್ಲಿ ಮಲಗಿದ್ದ ನನಗೂ ಕೇಳಿಸಿತು. ಇಳಿದವರು ಒಳಗೆ ಬರಲಿಲ್ಲ. ಹಿಂದಿನ ಗಾಲಿಯ ಹತ್ತಿರ ಮಂಡಿಯೂರಿ, ಪಾನಾ ತೆಗೆದುಕೊಂಡು, ಪಾಟಾದ ನಟ್ಟು ತಿರುವತೊಡಗಿದರು. ಎರಡು ಪಟ್ಟಿ ಬಿಚ್ಚಿದರೆ ಮೆತ್ತಗಾದೀತು ಎಂದು. ತುಕ್ಕು ಹಿಡಿದ ನಟ್ಟು ಅಲುಗಲಿಲ್ಲ. ಅಂಗೈ ಸುಲಿದು ರಕ್ತ ಬಂತು. "ನಾನ ಹಾಕಿಸಿದ್ದಿದು, ಮಾವಾರ. ನಾನ ಬಿರುಸು ಹಾಕಿಸಿದೆ" ಎಂದು ಅಪ್ಪನ ಮುಂದೆ ಹೇಳುತ್ತಿದ್ದರು. ಯಾವತ್ತೂ ದನಿ ಏರಿಸದ ಮನುಷ್ಯ, ಆ ದನಿ ನನಗೆ ಗುರುತು ಸಿಗಲಿಲ್ಲ.

ನನ್ನನ್ನು ಕೌದಿಯಲ್ಲಿ ಎತ್ತಿ ಹೊಸ್ತಿಲವರೆಗೆ ತಂದರು. ಅಲ್ಲಿ ಅವ್ವ ಅಡ್ಡ ನಿಂತಳು. ನಮ್ಮ ಕಡೆ ಮಗಳು ತವರಿನ ಹೊಸ್ತಿಲು ದಾಟುವಾಗ ಉಡಿ ತುಂಬದೆ ಕಳಿಸುವುದಿಲ್ಲ. ಬಸುರಿಯನ್ನಂತೂ ಇಲ್ಲವೇ ಇಲ್ಲ. ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಅರಿಶಿನ ಬೇರು ಸೆರಗಿಗೆ ಬೀಳಲೇಬೇಕು. "ಅತ್ತಿ, ಹೊತ್ತಿಲ್ರಿ!" ಎಂದು ಇವರು ಕೂಗಿದರು. ಅವ್ವ ಅಳುತ್ತಿದ್ದಳು, ಆದರೆ ಜಗ್ಗಲಿಲ್ಲ. "ಎರಡ ಸಲ ನನ್ನ ಮಗಳು ಬರೇ ಉಡೀಲೆ ಉಳದಾಳ್ರಿ. ಈ ಸಲ ನಾ ಬರೇ ಉಡೀಲೆ ಕಳಸಂಗಿಲ್ಲ" ಎಂದಳು. ಮಲಗಿದವಳ ಮಡಿಲಲ್ಲಿ ಅಕ್ಕಿ ನಿಲ್ಲುತ್ತದೆಯೇ? ಜಾರಿತು. ಆಗ ಅವ್ವ ಹೇಳಿದಳು, "ಆಕಿನ್ನ ಹೊತ್ತ ಒಯ್ಯೋ ಗಾಡಿನೂ ಮಗಳ ಐತಿ. ಕೆಂಪಿ ಉಡಿ ತುಂಬ್ರಿ."

ಓಣಿಯ ಹೆಣ್ಣುಮಕ್ಕಳಿಗೆ ಅಷ್ಟು ಸಾಕಾಯಿತು. ಯಾರೋ ಕೆಂಪಿಯ ಮೂತಿಗೆ ಕುಂಕುಮ ಹಚ್ಚಿದರು. ಹಿಂದಿನ ಖೋಲಿಗೆ ಒಬ್ಬಳು ಸೇರು ಅಕ್ಕಿ ಸುರಿದಳು, ಇನ್ನೊಬ್ಬಳು ಗೋದಿಯ ಗಂಟು ಇಟ್ಟಳು. ದವಾಖಾನೆಯಲ್ಲಿ ಎಷ್ಟು ದಿನವೋ, ಅಡುಗೆಗೆ ಬೇಕಲ್ಲ ಎಂದು ಅಪ್ಪ ಜೋಳದ ಚೀಲ ಹೊರಿಸಿದ. ಅಡತಿಯ ಹಮಾಲರು, ತಾವೂ ಈ ಮನೆಯವರೇ ಎಂದು, ಬೆಲ್ಲದ ಪೆಂಟಿಗಳನ್ನು ತಂದು ಒಟ್ಟಿದರು. ಇವರು ಪಾನಾ ಹಿಡಿದು, "ಭಾರ ಆಗತೈತಿ, ಬ್ಯಾಡ್ರಿ, ಬ್ಯಾಡ್ರಿ" ಎನ್ನುತ್ತಲೇ ಇದ್ದರು. ಯಾರು ಕೇಳಬೇಕು?

ಆಮೇಲೆ ಇವರು ಮತ್ತೆ ಗಾಲಿಯ ಹತ್ತಿರ ಕೂತರು. ನಾನು ಕೌದಿಯಿಂದ ನೋಡುತ್ತಿದ್ದೆ. ಇವರ ಕಣ್ಣು ಪಾಟಾದ ಮೇಲೆ ನಿಂತಿತ್ತು. ಅಷ್ಟು ದಿನ ಬಿಲ್ಲಿನ ಹಾಗೆ ಸೆಟೆದಿದ್ದ ಪಟ್ಟಿಗಳು ಭಾರಕ್ಕೆ ಇಳಿದು ಹೆಚ್ಚುಕಡಿಮೆ ನೆಟ್ಟಗಾಗಿದ್ದವು. ಇವರು ಎದ್ದು, ಸುಲಿದ ಅಂಗೈಯನ್ನು ಮಡ್ಗಾರ್ಡಿನ ಮೇಲಿಟ್ಟು ಒತ್ತಿ ಬಿಟ್ಟರು. ಕೆಂಪಿ ನೆಗೆಯಲಿಲ್ಲ. ಮೆಲ್ಲಗೆ ಇಳಿಯಿತು, ಮೆಲ್ಲಗೆ ಎದ್ದಿತು. ಇನ್ನೊಮ್ಮೆ ಒತ್ತಿದರು. ಅದೇ ಗಬ್ಬದ ಆಕಳ ನಡಿಗೆ. ಇವರು ಪಾನಾ ಕೆಳಗೆ ಎಸೆದರು. "ಇನ್ನೊಂದು ಚೀಲಾ ತರ್ರಿ!" ಎಂದು ಕೂಗಿದರು. "ಲಗೂ ತರ್ರಿ, ಇನ್ನೊಂದು!"

ಆ ದಾರಿಯನ್ನು ನಾನು ಹೇಗೆ ಹೇಳಲಿ? ನನ್ನನ್ನು ಮುಂದಿನ ಸೀಟಿನಲ್ಲಿ ಜೋಳದ ಚೀಲಕ್ಕೆ ಒರಗಿಸಿ ಮಲಗಿಸಿದ್ದರು. ಮೇಲೆ ಚಾವಣಿಯಿಲ್ಲದ ಗಾಡಿ, ಕಣ್ಣಿಗೆ ಬರೀ ಆಕಾಶ. ಬೇವಿನ ಟೊಂಗೆ ಬಂದು ಹೋಗುತ್ತಿತ್ತು, ಹುಣಸೆಯ ಟೊಂಗೆ ಬಂದು ಹೋಗುತ್ತಿತ್ತು. ತಗ್ಗು ಬಂದಾಗ ನಾನು ಉಸಿರು ಹಿಡಿದು ಹೊಟ್ಟೆಯನ್ನು ಎರಡೂ ಕೈಯಿಂದ ಅವಚಿಕೊಳ್ಳುತ್ತಿದ್ದೆ. ಬಡಿತ ಬರುತ್ತಿರಲಿಲ್ಲ. ಕೆಂಪಿ ಒಮ್ಮೆ ಬಾಗಿ ನಮಸ್ಕಾರ ಮಾಡಿದ ಹಾಗೆ ಇಳಿದು ಮೇಲೇಳುತ್ತಿತ್ತು. ಕೆಳಗೆ, ಅಕ್ಕಿ ಬೆಲ್ಲದ ಭಾರಕ್ಕೆ, ಆ ಉಕ್ಕು ಬಾಗುತ್ತಿತ್ತು, ತನ್ನ ಆಕಾರಕ್ಕೆ ಬರುತ್ತಿತ್ತು, ಬಾಗುತ್ತಿತ್ತು, ಬರುತ್ತಿತ್ತು. ಅದು ನನಗೆ ಕಾಣುತ್ತಿತ್ತು ಎಂದರೆ ನಂಬಿರಿ. ಓಣಿಯ ಅಷ್ಟೂ ಹೆಣ್ಣುಮಕ್ಕಳು ನನ್ನ ಕೆಳಗೆ ಕೈ ಹಾಸಿದ್ದಾರೆ ಅನ್ನಿಸಿತು. ನಾಗನೂರಿನ ಹಳ್ಳ ಬಂತು, ಪಾಟಾ ಮುರಿದಿದ್ದ ಅದೇ ಹಳ್ಳ. ಇವರು ನನ್ನ ಕಡೆ ನೋಡಲಿಲ್ಲ, ಒಂದು ಕೈಯಿಂದ ನನ್ನ ಮಣಿಕಟ್ಟು ಹಿಡಿದರು. ಕೆಂಪಿ ಇಳಿಯಿತು, ನೀರು ದಾಟಿತು, ಏರಿತು. ಏರುವಾಗ ನನ್ನ ಅಂಗೈಯ ಕೆಳಗೆ ಕೂಸು ಒದೆಯಿತು. "ಐತ್ರಿ" ಎಂದೆ. "ಕೂಸು ಐತ್ರಿ." ಗಾಳಿಗೆ ಇವರ ಕಣ್ಣೀರು ಕಿವಿಯ ಕಡೆಗೆ ಹರಿಯುತ್ತಿತ್ತು.

ಘಟಪ್ರಭಾದಲ್ಲಿ ನನ್ನನ್ನು ಒಳಗೆ ಒಯ್ದರು. ಮಗಳು ಹುಟ್ಟಿದಳು. ಒಂದು ಸೌತೆಕಾಯಿಯಷ್ಟು ಇದ್ದಳು, ದನಿ ಮಾತ್ರ ಸ್ಟೇಷನ್ನಿನವರೆಗೆ ಕೇಳುವಂತಿತ್ತು.

ನಾನು ದವಾಖಾನೆಯಲ್ಲಿ ಇದ್ದಷ್ಟು ದಿನವೂ ಇವರು ಕೆಂಪಿಯ ಹೊರೆ ಇಳಿಸಲಿಲ್ಲ. ಅಡುಗೆಗೆ ಬೇಕಾದಷ್ಟು ಜೋಳ ತೆಗೆದರೆ, ಅಷ್ಟೇ ತೂಕದ ಕಲ್ಲು ಹಿಂದೆ ಇಡುತ್ತಿದ್ದರಂತೆ. ತಾಯಿ ಮಗಳು ಮನೆ ಮುಟ್ಟುವವರೆಗೆ ಉಡಿ ಇಳಿಸಬಾರದು ಎಂಬ ಹೊಸ ಶಾಸ್ತ್ರ ಇವರದು. ಬಿಸಿಲಿಗೆ ಬೆಲ್ಲ ಕರಗಿ ಸೀಟಿಗೆ ಹರಿಯಿತು. ಘಟಪ್ರಭಾದ ಇರುವೆಗಳಿಗೆಲ್ಲ ಸುದ್ದಿ ಹೋಯಿತು. ಹುಕ್ಕೇರಿಯಲ್ಲಿ ಎಮ್ಮೆಗೆ ಸೂಜಿ ಹಾಕುತ್ತ ಹಾಕುತ್ತ ಡಾಕ್ಟರರೇ ನೆಗೆದಾಡಿದರು ಎಂದು ಆಮೇಲೆ ಎಷ್ಟೋ ದಿನ ಜನ ನಕ್ಕರು.

ಮನೆಗೆ ಬಂದಮೇಲೆ ಕೆಂಪಿಯನ್ನು ಇಮಾಮಸಾಬನ ಹತ್ತಿರ ಒಯ್ದರು. ಒಂದು ಪಟ್ಟಿ ತೆಗೆ ಎಂದರು. "ಸಾಹೇಬ್ರ, ಮತ್ತ ಮೆತ್ತಗ ಬೇಕಾತೇನ್ರಿ?" ಎಂದು ಅವನು ಕೇಳಿದ. "ಇಷ್ಟ ದಿನಾ ಖಾಲಿ ಗಾಡಿಗೆ ಪಾಟಾ ಹುಡುಕಿದ್ನಿ. ಇನ್ನ ನಾವು ಮೂರೂ ಮಂದಿ ಕೂಡತೇವಿ, ಹಿಂದ ಒಂದು ಚೀಲಾ ಜೋಳಾನೂ ಇರತೈತಿ. ಅದಕ್ಕ ಹೊಂದೂ ಹಂಗ ಮಾಡು" ಎಂದರು ಇವರು. ಆ ಚೀಲ ಕೆಂಪಿ ಇರುವವರೆಗೂ ಹಿಂದಿನಿಂದ ಇಳಿಯಲಿಲ್ಲ. ತೆಗೆದ ಪಟ್ಟಿಯನ್ನು ಕಮ್ಮಾರನಿಗೆ ಕೊಟ್ಟು ಈಳಿಗೆ ಮಾಡಿಸಿದೆವು.

ಹೆಸರಿಡುವ ದಿನ ಅತ್ತೆ ಅಟ್ಟದಿಂದ ತೊಟ್ಟಿಲು ಇಳಿಸಿದರು. ಗೋಣಿ ಕೊಡವಿ, ತೊಳೆದು, ಹಗ್ಗ ಹಾಕಿ ಜಂತಿಗೆ ಕಟ್ಟಿದರು. ಖಾಲಿ ತೊಟ್ಟಿಲು ತೂಗಬಾರದು ಎಂದು ನಮ್ಮಲ್ಲಿ ಮೊದಲು ಒಳಕಲ್ಲಿನ ಗುಂಡುಕಲ್ಲನ್ನು ತೊಳೆದು, ಕುಂಚಿಗೆ ತೊಡಿಸಿ, ಕೂಸಿನ ಹಾಗೆ ಅದರಲ್ಲಿ ಮಲಗಿಸುತ್ತಾರೆ. ಅತ್ತೆ ಕಲ್ಲು ಮಲಗಿಸಿದರು. ತೊಟ್ಟಿಲ ಸುತ್ತ ಹೆಂಗಸರೇ ತುಂಬಿದ್ದರು. ಗಂಡಸರು ಒಳಗೆ ಬರುವ ರೂಢಿಯಿಲ್ಲ. ಇವರು ಬಂದರು. ಯಾರ ಮುಖವನ್ನೂ ನೋಡದೆ ನಡುವೆ ಹಾದು, ತೊಟ್ಟಿಲ ಅಂಚಿಗೆ ಅಂಗೈ ಇಟ್ಟರು. ಸುಲಿದ ಗಾಯ ಇನ್ನೂ ಪೂರ್ತಿ ಮಾದಿರಲಿಲ್ಲ. ಒತ್ತಿ ಬಿಟ್ಟರು. ತೊಟ್ಟಿಲು ಮೆಲ್ಲಗೆ ಹೋಯಿತು, ಮೆಲ್ಲಗೆ ಬಂತು. ಇನ್ನೊಮ್ಮೆ ಒತ್ತಿ ನೋಡಿದರು. ಆಮೇಲೆ ಬಾಗಿ ಕಲ್ಲನ್ನು ಎತ್ತಿಕೊಂಡು, ಎದೆಗೆ ಅವಚಿಕೊಂಡು ನನ್ನ ಕಡೆ ತಿರುಗಿದರು.

"ಈಗ ಹಾಕು ಗಂಗಾ" ಎಂದರು.

ನಾನು ಮಗಳನ್ನು ತೊಟ್ಟಿಲಲ್ಲಿ ಮಲಗಿಸಿದೆ.